ಹದಿನಾರು ಇಂಚಿನ ಮೊಳ

ಹೋದ ತಿಂಗಳು ಹಳಿಯಾಳದ ನಮ್ಮ ಶಾಲೆಯಲ್ಲಿ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ಆಯಿತು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಅನ್ನುವುದೇ ವಾಡಿಕೆ, ಹೀಗಾಗಿ ಬೇರೆ ಹೆಸರು ಬೇಕಾಗಿಲ್ಲ. ಮಾತಾಡಿದವರು ಒಬ್ಬರ ಮೇಲೊಬ್ಬರು ಎದ್ದು, ಆಕೆ ಕ್ಷಮೆಯ ಮೂರ್ತಿ, ಯಾರ ಮೇಲೂ ಎಳ್ಳಷ್ಟು ಸಿಟ್ಟಿಲ್ಲದ ಜೀವ, ಸಹನೆಯಲ್ಲಿ ಭೂಮಿತಾಯಿ ಎಂದೆಲ್ಲ ಹೇಳಿ, ಹಾರ ಹಾಕಿದ ಫೋಟೋಕ್ಕೆ ಕೈಮುಗಿದು, ಉಪ್ಪಿಟ್ಟು ತಿಂದು ಹೋದರು. ಸತ್ತವರ ಮೇಲೆ ಹೀಗೆ ಬಾಯಿಗೆ ಬಂದ ಆರೋಪ ಹೊರಿಸುವುದು ಸಭಾ ಮರ್ಯಾದೆ, ಒಪ್ಪುತ್ತೇನೆ. ಆದರೆ ಅಕ್ಕೋರ ಎದುರಿನ ಖುರ್ಚಿಯಲ್ಲಿ ನೌಕರಿಯ ಬಹುಪಾಲು ಕಳೆದವನಾದ ನನಗೆ, ಆ ಮಹಾತಾಯಿಯ ಹೆಸರನ್ನು ಇಂಥ ಅಪವಾದದಿಂದ ಉಳಿಸುವ ಜವಾಬ್ದಾರಿ ಇದೆ. ಆಕೆ ಕ್ಷಮಿಸಲಿಲ್ಲ. ಕಡೆಯವರೆಗೂ ಕ್ಷಮಿಸಲಿಲ್ಲ. ಅಷ್ಟನ್ನು ಸ್ಪಷ್ಟವಾಗಿ ಬರೆದಿಡಬೇಕಾಗಿದೆ.

ಅಕ್ಕೋರು ಗಿಡ್ಡ ಆಳು. ಸ್ಟಾಫ್‌ರೂಮಿನ ಖುರ್ಚಿಯಲ್ಲಿ ಕೂತರೆ ಪಾದ ನೆಲಕ್ಕೆ ತಾಕುತ್ತಿರಲಿಲ್ಲ, ಎರಡು ಇಟ್ಟಿಗೆ ಇಟ್ಟುಕೊಂಡಿದ್ದರು. ನಾಲ್ಕನೇತ್ತೆಯ ಗಣಿತ ಅವರದು. ಪುಸ್ತಕದಲ್ಲಿ ಮೀಟರು, ಸೆಂಟಿಮೀಟರು ಇದ್ದರೂ, ಅದಕ್ಕಿಂತ ಮೊದಲು ಮಕ್ಕಳಿಗೆ ಎಂಟು ಯವ ಒಂದು ಅಂಗುಲ, ಹನ್ನೆರಡು ಅಂಗುಲ ಒಂದು ಗೇಣು, ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು ಎಂದು ರಾಗವಾಗಿ ಹೇಳಿಸುತ್ತಿದ್ದರು. ಆ ರಾಗ ಪಕ್ಕದ ಕೋಣೆಯ ನನ್ನ ಇತಿಹಾಸಕ್ಕೆ ನುಗ್ಗಿ, ನನ್ನ ಹುಡುಗರು ಒಬ್ಬ ರಾಜನ ಆಳ್ವಿಕೆಯನ್ನು ನಾಲ್ಕು ಮಾರು ಎಂದು ಬರೆದದ್ದೂ ಉಂಟು.

ತಪಾಸಣೆಗೆ ಬಂದ ಸಾಹೇಬರೊಬ್ಬರು ಆಕ್ಷೇಪಿಸಿದರು. "ಇದು ಸಿಲೆಬಸ್‌ನಲ್ಲಿ ಇಲ್ಲವಲ್ಲ ಮೇಡಂ?"

"ಕೈಯಾಗ ಐತಲ್ರೀ ಸಾಹೇಬ್ರ," ಎಂದರು ಅಕ್ಕೋರು. "ನಿಮ್ಮ ಸೆಂಟಿಮೀಟರು ಮನ್ಯಾಗ ಮರತ ಬಂದ್ರ ಏನ್ ಮಾಡ್ತೀರಿ? ಕೈ ಮರತ ಬರಾಕ ಆಗೂದಿಲ್ಲ."

ಸಾಹೇಬರು ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡು ಚಹಾ ಕುಡಿಯಲು ಹೋದರು.

ಆದರೆ ಅವರ ಪಾಠ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಕೋಷ್ಟಕ ಬಾಯಿಪಾಠ ಆದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದರು: "ಯಾರ ಮೊಳ?" ಉತ್ತರ ಹೇಳದಿದ್ದರೆ ಕಿವಿ ಹಿಂಡುತ್ತಿದ್ದರು. ಈ ಪ್ರಶ್ನೆಯನ್ನು ಅವರು ಕಲಿತದ್ದು ಜೋಯಿಡಾ ಕಡೆ, ನೌಕರಿಯ ಆರಂಭದಲ್ಲಿ. ಅಣಶಿಯ ಆಚೆ ಕಾಡಿನೊಳಗಿನ ಶಾಲೆಗೆ ಹಾಜರಾಗಲು ಬಸ್ಸಿಳಿದು ದಾರಿ ಕೇಳಿದರಂತೆ. ದನ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ, "ಇಲ್ಲೇ ತಾಯಿ, ಒಂದು ಕೂಗು ದೂರ," ಎಂದು ತೋರಿಸಿದ. ಬೆಳಿಗ್ಗೆ ಹೊರಟವರು ಮಧ್ಯಾಹ್ನ ಮುಟ್ಟಿದರು. ಮುಂದೊಮ್ಮೆ ಆ ಮುದುಕ ದನ ಕರೆಯುವುದನ್ನು ಕೇಳಿದಾಗ ಲೆಕ್ಕ ಸರಿಯಾಗೇ ಇದ್ದದ್ದು ಗೊತ್ತಾಯಿತು. ಅವನು ಕೂಗಿದರೆ ಎರಡು ಗುಡ್ಡದಾಚೆಯ ಎಮ್ಮೆ ತಿರುಗಿ ನೋಡುತ್ತಿತ್ತು. "ಅಳತಿ ಕೇಳಿದ್ನಿ ಮಾಸ್ತರ, ಗಂಟಲಾ ಯಾರದು ಅಂತ ಕೇಳಲಿಲ್ಲ," ಎನ್ನುತ್ತಿದ್ದರು.

ಕೂಗಿನ ವಿಷಯದಲ್ಲಿ ಆದ ಮೋಸಕ್ಕೆ ಅವರು ನಗುತ್ತಿದ್ದರು. ಮೊಳದ ವಿಷಯದಲ್ಲಿ ಆದದ್ದಕ್ಕೆ ನಗಲಿಲ್ಲ.

ಅಕ್ಕೋರ ಗಂಡ ಮದುವೆಯಾದ ಸ್ವಲ್ಪ ವರ್ಷಕ್ಕೇ ತೀರಿಕೊಂಡ. ಮಕ್ಕಳಿಲ್ಲ. ಗಂಡನ ಅಣ್ಣನನ್ನು ಆಕೆ ಭಾವಾರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಪೇಟೆಯಲ್ಲಿ ಕಾಳಿನ ಅಂಗಡಿ, ತಲೆಗೆ ಪಟಗಾ, ಹಣೆಗೆ ಮೂರು ಬೆರಳ ವಿಭೂತಿ, ತೆಂಗಿನ ಮರದ ಎತ್ತರ. ಹಳೆಯ ಮನೆ ಮಳೆಗೆ ಕುಸಿದು, ಮೂಡಣ ಗೋಡೆಯೊಂದು ಮಾತ್ರ ನಿಂತಿತ್ತು. ಜಾಗ ಪಾಲು ಮಾಡಿ ಇಬ್ಬರೂ ಬೇರೆ ಬೇರೆ ಮನೆ ಕಟ್ಟಿಕೊಳ್ಳುವುದೆಂದು ಆಯಿತು. ಹಿರಿಯರು ನಾಲ್ವರು ಪಂಚರಾಗಿ ಕೂತರು. ಅಕ್ಕೋರ ತವರಿನಿಂದ ಬರುವವರು ಯಾರೂ ಇರಲಿಲ್ಲವಾದ್ದರಿಂದ ಅವರ ಕಡೆಯವನೆಂದು ನಾನು ಹೋಗಿದ್ದೆ. ಅಷ್ಟು ಉಪಯೋಗಕ್ಕೆ ಬಾರದ ಪಕ್ಷವನ್ನು ಯಾವ ಹೆಣ್ಣುಮಗಳೂ ಕಟ್ಟಿರಲಿಕ್ಕಿಲ್ಲ.

ಓಣಿಯ ಕಡೆಯ ಅಗಲ ಮೂವತ್ತಾರು ಅಡಿ. ಪುಸ್ತಕದ ಮೊಳ ಹದಿನೆಂಟು ಇಂಚು, ಅಂದರೆ ಒಟ್ಟು ಇಪ್ಪತ್ತನಾಲ್ಕು ಮೊಳ. ತಲಾ ಹನ್ನೆರಡು ಮೊಳ ಎಂದು ಪಂಚರು ತೀರ್ಮಾನ ಕೊಟ್ಟರು. ನಾನು ಟೇಪು ತರಲು ಎದ್ದೆ.

"ಕೂಡ್ರಿ ಮಾಸ್ತರ," ಎಂದರು ಭಾವಾರು. "ಮನಿತನದ ಮಾತಿಗೆ ಕಬ್ಬಿಣದ ಟೇಪ್ ಯಾಕ್ರಿ? ಇಲ್ಲೇನು ಸರಕಾರಿ ರಸ್ತಾ ಮಾಡಾಕತ್ತೇವೇನು?"

ಎಲ್ಲರೂ ನಕ್ಕರು. ನಾನು ಕೂತೆ.

"ಹಂಗಾರ ಯಾರ ಮೊಳದಾಗ ಅಳೀಬೇಕು?" ಎಂದು ಪಂಚರಲ್ಲೊಬ್ಬರು ಕೇಳಿದರು.

"ಅದರಾಗೇನೈತ್ರಿ. ನನ್ನ ಪಾಲು ನನ್ನ ಮೊಳದಾಗ, ಆಕಿ ಪಾಲು ಆಕಿ ಮೊಳದಾಗ. ಅವರವರ ಪಾಲು ಅವರವರ ಅಳತೀಲೆ. ನಾಳೆ ಯಾರೂ ಯಾರಿಗೂ ಬಾಯಿ ಮಾಡಬಾರದು."

"ಭಲೇ, ಧರ್ಮದ ಮಾತು!" ಎಂದರು ಪಂಚರು.

ಭಾವಾರು ಪಡುವಣದಿಂದ ಕೈಯೂರಿ ಹೊರಟರು. ಒಂದು, ಎರಡು ಎಂದು ಎಣಿಸುತ್ತ, ಮೊಣಕೈಯಿಂದ ನಡುಬೆರಳ ತುದಿಯವರೆಗೆ ಇಪ್ಪತ್ತು ಇಂಚಿನ ಆ ಕೈ ನೆಲದ ಮೇಲೆ ಹಾವಿನಂತೆ ಸರಿದು, ನಟ್ಟನಡು ದಾಟಿ, ಇನ್ನಷ್ಟು ಮುಂದೆ ಹೋಗಿ ನಿಂತಿತು. ಆಮೇಲೆ ಅಕ್ಕೋರು ಸೆರಗು ಸಿಕ್ಕಿಸಿಕೊಂಡು ಮೂಡಣದಿಂದ ಅಳೆಯುತ್ತ ಬಂದರು. ಹದಿನಾರು ಇಂಚಿನ ಕೈ. ಹನ್ನೆರಡನೆಯ ಮೊಳಕ್ಕೆ ಅವರ ಬೆರಳ ತುದಿ ಭಾವಾರ ಗೆರೆಗೆ ಸರಿಯಾಗಿ ಬಂದು ಮುಟ್ಟಿತು. ಆ ಕಡೆ ಇಪ್ಪತ್ತು ಅಡಿ, ಈ ಕಡೆ ಹದಿನಾರು.

ಪಂಚರಿಗೆ ರೋಮಾಂಚನವಾಯಿತು. "ನೋಡ್ರೆಪಾ! ಒಂದು ಕೂದಲೆಳಿ ಹೆಚ್ಚಿಲ್ಲ, ಒಂದು ಎಳಿ ಕಡಿಮಿ ಇಲ್ಲ. ಹೆಂಗ ಬಂದು ಕೂಡಿತು! ಇದು ದೇವರ ಲೆಕ್ಕಾ."

ದೇವರಿಗೆ ಆ ಲೆಕ್ಕದ ಗಂಧವೂ ಇರಲಿಲ್ಲ. ಮನೆಯಲ್ಲಿ ಎಷ್ಟೋ ವರ್ಷ ತಮಗೆ ಊಟಕ್ಕೆ ಬಡಿಸಿದ ಕೈಯ ಉದ್ದವನ್ನು ಭಾವಾರು ತಾಟಿನ ಮುಂದೆ ಕೂತೇ ಅಳೆದಿಟ್ಟುಕೊಂಡಿದ್ದರು. ವ್ಯಾಪಾರಸ್ಥರ ಕಣ್ಣು.

ಅಕ್ಕೋರು ನೆಲದಿಂದ ಎದ್ದು ಕೈಗೆ ಹತ್ತಿದ ಮಣ್ಣು ಝಾಡಿಸಿಕೊಂಡರು. ಅವರ ಎರಡು ಅಡಿ ಅಲ್ಲಿ ಗೆರೆಯ ಆಚೆ ಬಿದ್ದಿತ್ತು. ಅದನ್ನು ನೋಡಲಿಲ್ಲ, ತಮ್ಮ ಕೈ ನೋಡಿಕೊಂಡರು.

"ಭಾವಾರ, ಇದು ನನ್ನ ಮೊಳ ಅಂತ ನೀವ ಒಪ್ಪೀರಿ ಹೌದಲ್ರಿ?"

"ಒಪ್ಪಿಲ್ದ ಏನವ್ವಾ. ದೇವರು ಕೊಟ್ಟ ಕೈ."

"ಪಂಚರೂ ಒಪ್ಪಿದ್ರಲ್ರಿ?"

"ಒಪ್ಪಿದ್ವಿ, ಒಪ್ಪಿದ್ವಿ."

"ಆತು," ಎಂದು, ಉಳಿದ ಗೋಡೆಯ ಮರೆಗೆ ಒಲೆ ಹೂಡಿ ಎಲ್ಲರಿಗೂ ಚಹಾ ಮಾಡಿ ತಂದರು. ಸಕ್ಕರೆ ಸರಿಯಾಗಿತ್ತು. ಆಗಲೇ ನನಗೆ ಹೆದರಿಕೆಯಾಯಿತು.

ಮರುದಿನ ನಾಲ್ಕನೇತ್ತೆಯ ಹಲಗೆಯ ಮೇಲೆ ಒಂದು ಲೆಕ್ಕ ಬಿತ್ತು. ಒಬ್ಬಾಂವನ ಮೊಳ ಇಪ್ಪತ್ತು ಇಂಚು, ಒಬ್ಬಾಕಿಯ ಮೊಳ ಹದಿನಾರು ಇಂಚು. ಇಬ್ಬರೂ ತಮ್ಮ ತಮ್ಮ ಮೊಳದಲ್ಲಿ ಹನ್ನೆರಡು ಮೊಳ ಜಾಗ ತೆಗೆದುಕೊಂಡರೆ ಯಾರಿಗೆ ಎಷ್ಟು ಹಾನಿ? ತರಗತಿಯಲ್ಲಿ ಭಾವಾರ ಮಗಳಿದ್ದಳು, ಚುರುಕು ಹುಡುಗಿ. ಎಲ್ಲರಿಗಿಂತ ಮೊದಲು ಬಿಡಿಸಿ, ಪಾಟಿ ಎತ್ತಿ ಹಿಡಿದು, "ಆಕಿಗೆ ಎರಡು ಅಡಿ ಹಾನಿರಿ ಅಕ್ಕೋರ!" ಎಂದು ಒದರಿದಳು.

"ಶಾಣ್ಯಾಕಿ. ಒರಸಬ್ಯಾಡ. ಹಂಗ ಒಯ್ದು ನಿಮ್ಮಪ್ಪಗ ತೋರಸು."

ಮಾರನೆಯ ದಿನ ಕೇಳಿದರು: "ಅಪ್ಪ ಏನಂದ?"

"ಲೆಕ್ಕ ಬರೋಬ್ಬರಿ ಐತಿ ಅಂದ್ರಿ. ಆಮ್ಯಾಲೆ ಒದ್ದಿ ಅರಬಿಲೆ ತಾನ ಒರಸಿದ."

ಆ ಹುಡುಗಿಗೆ ಅಂದು ಏನು ತಿಳಿಯಿತೋ ಗೊತ್ತಿಲ್ಲ. ಆದರೆ ಅಂದಿನಿಂದ ಆಕೆಯ ಓದು, ಊಟ, ಜಡೆ ಹಾಕಿಸಿಕೊಳ್ಳುವುದು ಎಲ್ಲ ಚಿಗವ್ವನ, ಅಂದರೆ ಅಕ್ಕೋರ, ಹತ್ತಿರವೇ ಆಯಿತು. ಭಾವಾರು ಜಾಗ ತೆಗೆದುಕೊಂಡರು, ಅಕ್ಕೋರು ಮಗಳನ್ನು ತೆಗೆದುಕೊಂಡರು. ಇದನ್ನು ಯಾವ ಪಂಚರೂ ಅಳೆಯಲಿಲ್ಲ.

ಮನೆ ಕಟ್ಟುವ ದಿನ ಬಂತು. ಸನವಳ್ಳಿಯಿಂದ ಬಡಿಗ್ಯಾನನ್ನು ಕರೆಸಿದ್ದರು.

"ಬಾಗಲಾ ಆರೂವರಿ ಅಡಿ ಇಡೂಣ್ರಿ ಅಕ್ಕೋರ?"

"ಅಡಿ ಬ್ಯಾಡ. ನಾಲ್ಕು ಮೊಳ ಇಡು."

"ನಾಲ್ಕು ಮೊಳ ಅಂದ್ರ ಆರಡಿ. ಇರ್ಲಿ, ನಡೀತೈತಿ."

"ನಿನ್ನ ಮೊಳ ಅಲ್ಲೋ. ನನ್ನ ಮೊಳ," ಎಂದು ಕೈ ಚಾಚಿದರು.

ಅವನು ಅಳೆದು, ಐದು ಅಡಿ ನಾಲ್ಕು ಇಂಚು ಎಂದು ಕಂಡು, ಗಾಬರಿಯಾದ. "ಅಕ್ಕೋರ, ಎತ್ತರದ ಮಂದಿ ತಲಿ ಬಡೀತೈತ್ರಿ!"

"ಎತ್ತರದ ಮಂದಿಗೆ ಬಗ್ಗಾಕ ಬರೂದಿಲ್ಲೇನು?"

ಯಾವ ಮನುಷ್ಯನೂ ತನ್ನ ಕೈಯಲ್ಲಿ ಮೂರೂವರೆ ಮೊಳ ಇರುತ್ತಾನೆ. ಅಕ್ಕೋರ ಎತ್ತರಕ್ಕೆ ಒಂದು ಗೇಣು ಸೇರಿಸಿದರೆ ಆ ಬಾಗಿಲು, ಅವರು ತಲೆಯೆತ್ತಿ ಓಡಾಡಬಹುದಿತ್ತು. ಭಾವಾರ ಮೂರೂವರೆ ಮೊಳಕ್ಕೆ ಅದು ಅರ್ಧ ಅಡಿ ಕಡಿಮೆ. ಲೆಕ್ಕ ಕೂಡಿಸಿ ನೋಡಿದವನು ನಾನೊಬ್ಬನೇ. ಅಕ್ಕೋರು ನನ್ನನ್ನು ನೋಡಿ, ಸುಮ್ಮನಿರುವಂತೆ ಕಣ್ಣು ಮಾಡಿದರು.

ಭಾವಾರು ಆ ಬಾಗಿಲಿಗೆ ಬರಲೇಬೇಕಿತ್ತು. ಕುಸಿಯದೆ ಉಳಿದ ಮೂಡಣ ಗೋಡೆಯಲ್ಲಿ ಮನೆತನದ ದೇವರನ್ನಿಟ್ಟು ಪೂಜಿಸುವ ಜಗಲಿ ಇತ್ತು. ಅದನ್ನು ಕಿತ್ತು ಬೇರೆ ಕಡೆ ಇಡುವ ಹಾಗಿಲ್ಲ ಎಂದು ಅದೇ ಪಂಚರು ಅದೇ ದಿನ ಹೇಳಿದ್ದರು. ದೀಪಾವಳಿ ಪಾಡ್ಯದ ದಿನ ಹಿರಿಯ ಮಗ ತಾನೇ ಒಳಗೆ ಬಂದು ದೀಪ ಹಚ್ಚಿ ಎಡೆ ತೋರಿಸಬೇಕು. ಜಾಗ ಹೊಡೆಯುವ ಗಡಿಬಿಡಿಯಲ್ಲಿ ಭಾವಾರು ದೇವರನ್ನು ಗೆರೆಯ ಈಚೆಗೆ ಬಿಟ್ಟುಬಿಟ್ಟಿದ್ದರು.

ಮೊದಲ ದೀಪಾವಳಿ. ರೇಷ್ಮೆ ಧೋತರ, ಹೊಸ ಪಟಗಾ, ಕೈಯಲ್ಲಿ ಎಡೆಯ ತಾಟು. ಭಾವಾರು ಮೊದಲಿನಿಂದಲೂ ಎದೆಯುಬ್ಬಿಸಿ ನಡೆಯುವವರು. ಬಡಿದ ಸದ್ದು ಓಣಿಗೆಲ್ಲ ಕೇಳಿಸಿತು. ಪಟಗಾ ಹಿಂದಕ್ಕೆ ಬಿತ್ತು, ತಾಟು ಮುಂದಕ್ಕೆ ಬಿತ್ತು, ಹೋಳಿಗೆ ಅಂಗಳದ ನಾಯಿಗೆ ಹೋಯಿತು.

"ಸಾವಕಾಶ ಬರ್ರಿ ಭಾವಾರ," ಎಂದು ಒಳಗಿಂದ ಅಕ್ಕೋರ ದನಿ. "ನಾಲ್ಕು ಮೊಳದ ಬಾಗಲಾ ಐತಿ."

"ಇದು ನಾಲ್ಕು ಮೊಳ?"

"ನನ್ನ ಮೊಳದಾಗ್ರಿ. ನೀವು ಒಪ್ಪಿದ್ದು."

ಭಾವಾರು ಹಣೆ ಹಿಡಿದುಕೊಂಡು ಚೌಕಟ್ಟನ್ನು ನೋಡಿದರು, ಅಕ್ಕೋರನ್ನು ನೋಡಿದರು. ಕಾಳು ಅಳೆಯುವ ಮನುಷ್ಯನಿಗೆ ಲೆಕ್ಕ ತಿಳಿಯಲು ಹೊತ್ತು ಹಿಡಿಯಲಿಲ್ಲ. ಅರ್ಧ ಅಡಿ ಬಗ್ಗಿದ್ದರೆ ಒಳಗೆ ಬರಬಹುದಿತ್ತು. ಹೆಂಡತಿ ಹಿಂದಿನಿಂದ, "ಬಗ್ಗಿ ಹೋಗ್ರಲಾ," ಎಂದು ನೂಕಿದರೂ ಬಗ್ಗಲಿಲ್ಲ. ಪಟಗಾ ಎತ್ತಿಕೊಂಡು ಹೊರಟುಹೋದರು.

ಅಂದಿನಿಂದ ಪ್ರತಿ ದೀಪಾವಳಿಗೆ ಅದೇ ಆಟ. ಮಗಳು ತಾಟು ಹಿಡಿದು ಒಳಗೆ ಹೋಗುವಳು, ಭಾವಾರು ಕಟ್ಟೆಯ ಮೇಲೆ ನಿಂತು ಗೋಡೆಗೆ ಕೈಮುಗಿಯುವರು. ಅಕ್ಕೋರು ಬಾಗಿಲಲ್ಲಿ ನಿಂತು ವಿನಯದಿಂದ ಕರೆಯುವರು.

"ಒಳಗ ಬರ್ರಿ ಭಾವಾರ, ದೇವರು ದಾರಿ ನೋಡಾಕತ್ತಾನ."

"ಇಲ್ಲಿಂದನ ಕಾಣ್ತೈತಿ ಬಿಡವ್ವಾ."

"ಅಲ್ಲಿಂದ ಬರೇ ನನ್ನ ತಲಿ ಕಾಣ್ತೈತ್ರಿ."

"ಕಾಣ್ಲಿ ತಗೋ."

ನಾನು ವರ್ಷ ತಪ್ಪದೆ ಹೋಗುತ್ತಿದ್ದೆ. ಹೋಳಿಗೆಗೆ ಎಂದು ಜನ ತಿಳಿದಿದ್ದರು.

ಒಂದು ಸಲ ಅಕ್ಕೋರ ಮುಂದೆ ಬುದ್ಧಿ ಹೇಳುವ ಸಾಹಸ ಮಾಡಿದೆ. "ಸಾಕಲ್ರೀ ಅಕ್ಕೋರ, ಎರಡಡಿ ಸಲುವಾಗಿ ಎಷ್ಟು ವರ್ಷ ಹಿಡೀತೀರಿ?"

"ನಿಮ್ಮ ಎರಡಡಿ ಹೋಗಿದ್ರ ಇಷ್ಟೊತ್ತಿಗೆ ಸಾಕಾಗಿರ್ತಿತ್ತು ಮಾಸ್ತರ," ಎಂದರು. ಎಷ್ಟು ಮೃದುವಾಗಿ ಹೇಳಿದರೆಂದರೆ, ಶ್ರದ್ಧಾಂಜಲಿಯವರು ಕೇಳಿದ್ದರೆ ಇದನ್ನೂ ಸಹನೆ ಎಂದೇ ಬರೆದುಕೊಳ್ಳುತ್ತಿದ್ದರು.

ಭಾವಾರಿಗೆ ವಯಸ್ಸಾಯಿತು. ಬೆನ್ನಿನ ಎಲುಬು ಸವೆದು, ನಡುವಿನಿಂದ ಮೇಲಿನ ಮೈ ಮುಂದಕ್ಕೆ ಬಾಗಿ, ನೆಲ ನೋಡಿಕೊಂಡೇ ನಡೆಯುವ ಹಾಗಾಯಿತು. ಹೋದ ವರ್ಷದ ದೀಪಾವಳಿಗೆ ಕೋಲು ಊರಿಕೊಂಡು, ಮಗಳ ಹೆಗಲು ಹಿಡಿದು ಬಂದರು. ಕಟ್ಟೆ ಹತ್ತಿ, ಕಟ್ಟೆಯ ಮೇಲೆ ನಿಲ್ಲಲಿಲ್ಲ. ನೇರ ಬಾಗಿಲಿಗೆ ಬಂದು, ದಾಟಿ, ಒಳಗೆ ಹೋದರು. ಅವರ ನೆತ್ತಿಗೂ ಚೌಕಟ್ಟಿಗೂ ನಡುವೆ ಒಂದು ಬೆಕ್ಕು ಆರಾಮಾಗಿ ಹಾಯ್ದು ಹೋಗಬಹುದಾಗಿತ್ತು.

"ಬಂದೆ ನೋಡವ್ವಾ," ಎಂದರು.

ಅಕ್ಕೋರ ಮುಖ ನಾನು ನೋಡಿದೆ. ಜೀವಮಾನದ ಬೆಳೆ ಆಲಿಕಲ್ಲಿಗೆ ಸಿಕ್ಕಂತೆ. ದೀಪ ಹಚ್ಚಿಸಿದರು, ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು. ಭಾವಾರು ಹೋದ ಮೇಲೆ ಜಗಲಿಯ ಮುಂದೆ ಕೂತು ಅಂದರು:

"ಮಾಸ್ತರ, ಇದಕ್ಕ ಬಗ್ಗಿದ್ದು ಅಂತಾರೇನು? ಬೆನ್ನು ಬಗ್ಗೇತಿ. ಆ ಮನಷ್ಯಾ ಬಗ್ಗಿಲ್ಲ."

ಆ ವಾರವೇ ಸನವಳ್ಳಿಯ ಬಡಿಗ್ಯಾ ಬಂದ. ಅವನಿಗೂ ಮುಪ್ಪು. ಚೌಕಟ್ಟಿನ ಮೇಲುಪಟ್ಟಿಯ ಕೆಳಗೆ ತಮ್ಮ ಒಂದು ಗೇಣು ಅಗಲದ ಹಲಗೆ ಹೊಡೆದು ಬಾಗಿಲು ಇಳಿಸಬೇಕೆಂದು ಕೇಳಿ, ಅವನು ಕೈಯಲ್ಲಿದ್ದ ಉಳಿ ಕೆಳಗಿಟ್ಟ.

"ಅಕ್ಕೋರ, ಬರೋಬ್ಬರಿ ನಿಮ್ಮ ಎತ್ತರಕ್ಕ ಬರ್ತೈತಿ. ನೀವೂ ತಲಿ ತಗ್ಗಿಸಬೇಕಾಗ್ತೈತ್ರಿ."

"ತಗ್ಗಸ್ತೇನಿ. ನೀ ಹೊಡಿ."

ಹೊಡೆದ. ಅಂದಿನಿಂದ ಅಕ್ಕೋರು ತಮ್ಮ ಮನೆಗೆ ತಾವೇ ತಲೆ ಬಾಗಿಸಿ ಓಡಾಡಿದರು, ಹಣೆಗೆ ಬಡಿಸಿಕೊಂಡರು, ಸಾಸಿವೆಕಾಳಿನಷ್ಟೂ ಪಶ್ಚಾತ್ತಾಪ ಪಡಲಿಲ್ಲ. ಬರುವ ದೀಪಾವಳಿಗಾಗಿ ಕಾದರು. ಆದರೆ ಈ ವರ್ಷ ದೀಪಾವಳಿಗಿಂತ ಮೊದಲು ಅಕ್ಕೋರೇ ಹೋಗಿಬಿಟ್ಟರು. ಒಂದು ಮುಂಜಾನೆ ಜಗಲಿಯ ಮುಂದೆ ಕೂತವರು ಮತ್ತೆ ಏಳಲಿಲ್ಲ.

ಅಂದು ಊರಿಗೆ ಊರೇ ಬಂತು. ಬಂದವರೆಲ್ಲ ಆ ಬಾಗಿಲಿಗೆ ಮಣಿದು ಬಂದರು. ಶಾಲೆಯ ಸಮಿತಿಯವರು, ಪೇಟೆಯ ಧಣಿಗಳು, ಪಂಚರಲ್ಲಿ ಬದುಕಿ ಉಳಿದ ಒಬ್ಬರು. ಆ ಪಂಚರು ಬಗ್ಗುವುದು ಮರೆತು ನೆತ್ತಿಗೆ ಪೆಟ್ಟು ತಿಂದರು. ಶವದ ಎದುರು ನಗಬಾರದೆಂದು ನಾನು ಜಗಲಿಯ ಕಡೆ ತಿರುಗಿ ನಿಂತೆ. ಭಾವಾರು ಮಾತ್ರ ಒಳಗೆ ಬರಲಿಲ್ಲ. ಹೊಸ ಹಲಗೆಯನ್ನು ಕಟ್ಟೆಯಿಂದಲೇ ನೋಡುತ್ತ ಕೂತರು. ಅದು ಯಾರಿಗಾಗಿ ಬಂದದ್ದು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ರುದ್ರಭೂಮಿಗೆ ಅವರನ್ನು ಖುರ್ಚಿಯ ಮೇಲೆ ಕೂರಿಸಿ ಎತ್ತಿಕೊಂಡು ಬಂದರು. ನಮ್ಮಲ್ಲಿ ಸಮಾಧಿಯ ತಗ್ಗನ್ನು ಸತ್ತವರ ಪಾದದ ಅಳತೆಯಲ್ಲೇ ತೆಗೆಯುವುದು. ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಭಾವಾರ ಮಗಳು ಈಗ ಎರಡು ಮಕ್ಕಳ ತಾಯಿ. ಚಿಗವ್ವನ ಪಾದದ ಉದ್ದಕ್ಕೆ ಕತ್ತರಿಸಿದ ಕಡ್ಡಿಯನ್ನು ಆಕೆಯೇ ತಂದಿದ್ದಳು. ಅಗೆಯುವವನು ಅದನ್ನು ಹಿಡಿದು ಒಂಬತ್ತು ಸಲ ಮಗುಚಿ ಗೆರೆ ಎಳೆದ. ಪುಟ್ಟ ಪಾದ. ಗೆರೆಯೊಳಗೆ ಬಂದ ಜಾಗ ಎಷ್ಟು ಸಣ್ಣದಾಯಿತೆಂದರೆ, ಅವನು ಅನುಮಾನದಿಂದ, ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದ.

"ತಡೀರಿ," ಎಂದರು ಭಾವಾರು.

ಎಲ್ಲರೂ ತಿರುಗಿದರು. ಅವರು ಚಪ್ಪಲಿ ಕಳಚಿ, ಖುರ್ಚಿಯಿಂದ ಬಲಗಾಲು ಮುಂದಕ್ಕೆ ಚಾಚಿದರು.

"ನನ್ನ ಪಾದ ಹಿಡೀರಿ. ನನ್ನ ಅಳತೀಲೆ ತಗೀರಿ. ಆಕಿಗೆ ಜಾಗಾ ಕಡಿಮಿ ಆಗಬಾರದು."

ಏನು ಹಿಂದಕ್ಕೆ ಬರುತ್ತಿದೆ ಎಂದು ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ಅಯ್ಯನವರು, "ಹಿರೇರು ಮನಸ್ಸು ಮಾಡ್ಯಾರ. ದೊಡ್ಡದಾದ್ರ ದೋಷ ಏನಿಲ್ಲ..." ಎನ್ನುತ್ತಿದ್ದರು.

"ಬ್ಯಾಡ್ರಿ ಅಯ್ಯಾರ," ಎಂದಳು ಮಗಳು.

"ಯಾಕವ್ವಾ?" ಭಾವಾರು ಕುತ್ತಿಗೆ ಎತ್ತಿ ಮಗಳನ್ನು ನೋಡಲು ಯತ್ನಿಸಿದರು. ಬೆನ್ನು ಅಷ್ಟಕ್ಕೆ ಬಿಡಲಿಲ್ಲ. "ನಾ ಕೊಡಾಕತ್ತೇನಲ್ಲಾ?"

"ನೀ ಕೊಡ್ತಿ ಅಪ್ಪಾ. ಚಿಗವ್ವ ತಗೊಳ್ಳೂದಿಲ್ಲ."

"ಆಕಿ ಹೋಗ್ಯಾಳ..."

"ನಾ ಅದೇನಿ."

ಕಡ್ಡಿಯನ್ನು ಅಗೆಯುವವನ ಕೈಗೆ ಮತ್ತೆ ಕೊಟ್ಟು, "ನೀ ಹಾಕಿದ ಗೆರಿ ಬರೋಬ್ಬರಿ ಐತಿ. ಅಗಿ," ಎಂದಳು.

ಗುದ್ದಲಿ ನೆಲಕ್ಕೆ ಬಿತ್ತು. ಮುದುಕರ ಬರಿಗಾಲು ಎಷ್ಟೋ ಹೊತ್ತು ಹಾಗೇ ಚಾಚಿಕೊಂಡಿತ್ತು. ಮಣ್ಣು ಅದರ ಮೇಲೂ ಸಿಡಿಯಿತು. ಅದನ್ನು ಯಾರೂ ಅಳೆಯಲಿಲ್ಲ.